ಹನ್ನೊಂದು ಅಂಕಿಗಳ ಕಂಠೀಹಾರ

ಒಂದರಿಂದ ಹೊರಟು ಆರರವರೆಗೆ ಏರಿ, ಏರಿದ ಕ್ರಮದಲ್ಲೇ ಮತ್ತೆ ಒಂದಕ್ಕೆ ಇಳಿಯುವ ಸಂಖ್ಯೆ 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂದಿನ ಲೆಕ್ಕದಲ್ಲಿ 1,234 ಕೋಟಿ 56 ಲಕ್ಷ 54 ಸಾವಿರದ 321. ಸುಮಾರು 1,170 ವರ್ಷಗಳ ಹಿಂದೆ, ರಾಷ್ಟ್ರಕೂಟರು ಮಾನ್ಯಖೇಟದಿಂದ ಅರ್ಧ ಭಾರತವನ್ನೇ ಆಳುತ್ತಿದ್ದಾಗ, ಮಹಾವೀರಾಚಾರ್ಯರು ತಮ್ಮ ‘ಗಣಿತಸಾರಸಂಗ್ರಹ’ದಲ್ಲಿ ಈ ಸಂಖ್ಯೆಯನ್ನು ಗುಣಾಕಾರದ ಒಂದು ಲೆಕ್ಕದ ಉತ್ತರವಾಗಿ ಇಟ್ಟರು. 27994681 ಅನ್ನು 441ರಿಂದ ಗುಣಿಸಿದರೆ ಏನು ಬರುತ್ತದೆ? ಗುಣಿಸಿ ನೋಡಿದವನ ಮುಂದೆ ಈ ಏರಿಳಿತ ಬಂದು ನಿಲ್ಲುತ್ತದೆ. ಆಚಾರ್ಯರು ಅದರ ಹನ್ನೊಂದು ಅಂಕಿಗಳನ್ನು ಒಂದೊಂದಾಗಿ ಹೆಸರಿಸುವುದಿಲ್ಲ. ಒಂದರಿಂದ ಆರರ ತನಕ ಬೆಳೆದು ಆಮೇಲೆ ಕ್ರಮವಾಗಿ ಕುಗ್ಗುವ ಸಂಖ್ಯೆ ಎಂದು ಆಕಾರದಿಂದಲೇ ಅದನ್ನು ಗುರುತಿಸುತ್ತಾರೆ.

ಇಂಥ ಗುಣಲಬ್ಧಗಳನ್ನು ಅವರು ಕೊರಳ ಆಭರಣಕ್ಕೆ, ರಾಜರು ತೊಡುವ ಕಂಠೀಹಾರಕ್ಕೆ ಹೋಲಿಸಿದರು. ಹಾರದಲ್ಲಿ ನಡುವಿನ ಪದಕದ ಎರಡೂ ಬದಿಗೆ ಮಣಿಗಳು ಸರಿಸಮವಾಗಿ ಕೂತಿರುವಂತೆ ಇಲ್ಲಿ ಅಂಕಿಗಳು ಕೂತಿವೆ. ಚಂದದ ಹೋಲಿಕೆ ಎಂದು ಮೆಚ್ಚಿ ಮುಂದೆ ಹೋಗಿಬಿಡಬಹುದು. ಆದರೆ ಈ ಹಾರಗಳನ್ನು ಬಿಡಿಸಿ ಮಣಿಗಳನ್ನು ಕೈಯಲ್ಲಿ ಹಿಡಿದು ನೋಡಬೇಕು. ದೊಡ್ಡ ಸಂಖ್ಯೆಯ ಸ್ವಭಾವ ಅದರ ಉದ್ದದಿಂದ ತಿಳಿಯುವುದಿಲ್ಲ; ಯಾವ ಯಾವ ಅವಿಭಾಜ್ಯಗಳು ಕೂಡಿ ಅದಾಗಿದೆ ಎಂಬುದರಿಂದ ತಿಳಿಯುತ್ತದೆ.

ಸೇಡಂ ತಾಲ್ಲೂಕಿನ ಮಳಖೇಡವನ್ನು ಇಂದು ಹೊರಗಿನವರು ಗುರುತಿಸುವುದು ಸಿಮೆಂಟಿನಿಂದ. ಕಾಗಿಣಾ ನದಿಯ ದಂಡೆಯ ಕೋಟೆ, ನೇಮಿನಾಥ ಬಸದಿ, ಟೀಕಾಚಾರ್ಯ ಜಯತೀರ್ಥರ ವೃಂದಾವನ, ಸುತ್ತಲೂ ತೊಗರಿಯ ಹೊಲಗಳು. ಈ ಊರೇ ಮಾನ್ಯಖೇಟ. ಸುಮಾರು 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನವೆಂದರೆ ನಮಗೆ ತಕ್ಷಣ ನೆನಪಾಗುವುದು ‘ಕವಿರಾಜಮಾರ್ಗ’. ಅದೇ ಕಾಲದ, ಅದೇ ದೊರೆಯನ್ನು ಹರಸಿ ಆರಂಭವಾಗುವ ಗಣಿತದ ಗ್ರಂಥ ನೆನಪಾಗುವುದು ಕಡಿಮೆ. ಇದು ನಮ್ಮ ಶಾಲೆಗಳ ದೊಡ್ಡ ಕೊರತೆ ಎಂದೇ ನಾನು ಭಾವಿಸುತ್ತೇನೆ. ಸುಮಾರು 850ರಲ್ಲಿ ರಚನೆಯಾದ ಗಣಿತಸಾರಸಂಗ್ರಹ ಖಗೋಳಶಾಸ್ತ್ರದ ಅಧ್ಯಾಯವಾಗಿ ಬಂದದ್ದಲ್ಲ, ಗಣಿತಕ್ಕಾಗಿಯೇ ಬರೆದ ಪುಸ್ತಕ. ಸಾವಿರಕ್ಕೂ ಹೆಚ್ಚು ಶ್ಲೋಕಗಳು, ಒಂಬತ್ತು ಅಧ್ಯಾಯಗಳು: ಪರಿಭಾಷೆ, ಮೂಲಕ್ರಿಯೆಗಳು, ಭಿನ್ನರಾಶಿ, ತ್ರೈರಾಶಿಕ, ಮಿಶ್ರಗಣಿತ, ಕ್ಷೇತ್ರಗಣಿತದಿಂದ ಹಿಡಿದು ಗುಂಡಿ ತೋಡುವ ಲೆಕ್ಕ, ನೆರಳಿನ ಲೆಕ್ಕದವರೆಗೆ. ಆರಂಭದಲ್ಲೇ ಆಚಾರ್ಯರು ಗಣಿತಕ್ಕೆ ಎಲ್ಲೆಲ್ಲಿ ಕೆಲಸವಿದೆ ಎಂದು ಸಾಲುಸಾಲಾಗಿ ಹೇಳುತ್ತಾರೆ. ವ್ಯಾಪಾರ, ಸಂಗೀತ, ನಾಟ್ಯ, ವೈದ್ಯ, ವಾಸ್ತು, ಛಂದಸ್ಸು ಎಲ್ಲ ಆ ಸಾಲಿನಲ್ಲಿವೆ, ಅಡುಗೆಯೂ ಇದೆ!

ಮೊದಲ ಅಧ್ಯಾಯದಲ್ಲಿ ಅವರು ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಡುತ್ತಾರೆ. ಏಕ, ದಶ, ಶತ, ಸಹಸ್ರ, ದಶಸಹಸ್ರ, ಲಕ್ಷ, ದಶಲಕ್ಷ, ಕೋಟಿ, ದಶಕೋಟಿ, ಶತಕೋಟಿ, ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ, ಕೊನೆಗೆ ಮಹಾಕ್ಷೋಭ. ಮಹಾಕ್ಷೋಭವೆಂದರೆ 1ರ ಮುಂದೆ 23 ಸೊನ್ನೆ. ಪಿಯುಸಿಯಲ್ಲಿ ರಸಾಯನಶಾಸ್ತ್ರ ಓದಿದವರಿಗೆ ಈ ಗಾತ್ರ ಪರಿಚಿತ. 12 ಗ್ರಾಂ ಇಂಗಾಲದಲ್ಲಿರುವ ಪರಮಾಣುಗಳ ಸಂಖ್ಯೆ, ಅಂದರೆ ಅವೊಗಾಡ್ರೊ ಸಂಖ್ಯೆ, ಆರು ಮಹಾಕ್ಷೋಭಕ್ಕಿಂತ ತುಸು ಹೆಚ್ಚು. ನಮ್ಮ ಹಾರವನ್ನು ಈ ಹೆಸರುಗಳಲ್ಲಿ ಓದಿ ನೋಡಿ: ಒಂದು ಅರ್ಬುದ, ಎರಡು ಶತಕೋಟಿ, ಮೂರು ದಶಕೋಟಿ, ನಾಲ್ಕು ಕೋಟಿ, ಐದು ದಶಲಕ್ಷ, ಆರು ಲಕ್ಷ, ಐದು ದಶಸಹಸ್ರ, ನಾಲ್ಕು ಸಹಸ್ರ, ಮೂರು ಶತ, ಎರಡು ದಶ, ಒಂದು. ಲಕ್ಷದ ಸ್ಥಾನ ಪದಕ.

ಈಗ ಹಾರ ಬಿಡಿಸೋಣ. ಅದಕ್ಕೆ ಕ್ಯಾಲ್ಕುಲೇಟರ್ ಬೇಡ, 1001 ಎಂಬ ಒಂದು ಸಂಖ್ಯೆಯ ಗುಟ್ಟು ಸಾಕು. 7, 11, 13 ಇವನ್ನು ಗುಣಿಸಿದರೆ 1001. ಆದ್ದರಿಂದ ಯಾವುದೇ ಸಂಖ್ಯೆಯನ್ನು ಬಲಗಡೆಯಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ, ಒಂದು ಗುಂಪನ್ನು ಕೂಡುತ್ತ ಮುಂದಿನದನ್ನು ಕಳೆಯುತ್ತ ಹೋದರೆ, ಕೊನೆಗೆ ಉಳಿದದ್ದು ಈ ಮೂರರಲ್ಲಿ ಯಾವುದರಿಂದ ಭಾಗವಾಗುತ್ತದೋ ಮೂಲಸಂಖ್ಯೆಯೂ ಅದರಿಂದ ಭಾಗವಾಗುತ್ತದೆ. ನಮ್ಮ ಗುಂಪುಗಳು 321, 654, 345, 12. ಕೂಡುವವು 321 ಮತ್ತು 345, ಮೊತ್ತ 666. ಕಳೆಯುವವು 654 ಮತ್ತು 12, ಮೊತ್ತ ಮತ್ತೆ 666. ಉಳಿದದ್ದು ಸೊನ್ನೆ. ಅಂದರೆ 7, 11, 13 ಮೂರೂ ಇದರಲ್ಲಿವೆ. ಇನ್ನು ಎಲ್ಲ ಗುಂಪುಗಳನ್ನೂ ಸುಮ್ಮನೆ ಕೂಡಿದರೆ 1332. ಅದನ್ನೂ ಮುರಿದು 1 ಮತ್ತು 332 ಎಂದು ಕೂಡಿದರೆ 333, ಅಂದರೆ 9 ಸಲ 37. ಹೀಗೆ ಕೂಡುವುದು 999ರ ಗುಟ್ಟು. 999 ಎಂದರೆ 27 ಸಲ 37. ಆದ್ದರಿಂದ ನಮ್ಮ ಸಂಖ್ಯೆಯಲ್ಲಿ 9 ಇದೆ, 37 ಇದೆ.

ಮಣಿಗಳು ಇಷ್ಟೇ. 3, 7, 11, 13, 37 ಐದನ್ನೂ ಗುಣಿಸಿದರೆ 111111, ಆರು ಒಂದುಗಳು. ಅದರ ವರ್ಗವೇ 12345654321. ಏರಿಳಿತದ ಕಾರಣವೂ ಇಲ್ಲೇ ಇದೆ. 111111 ಅನ್ನು ಅದರಿಂದಲೇ ಗುಣಿಸುವಾಗ ಆರು ಸಾಲು ಒಂದುಗಳು ಒಂದೊಂದು ಮನೆ ಜರುಗಿ ಕೂತುಕೊಳ್ಳುತ್ತವೆ. ತುದಿಯ ಕಂಬಸಾಲಿನಲ್ಲಿ ಒಂದೇ 1, ಅದರ ಪಕ್ಕ ಎರಡು, ನಡುವೆ ಆರು. ಯಾವ ಸಾಲಿನ ಮೊತ್ತವೂ 9 ದಾಟದ ಕಾರಣ ದಶಕ ಮುಂದಕ್ಕೆ ಹೋಗುವುದಿಲ್ಲ, ಆಕಾರ ಕೆಡುವುದಿಲ್ಲ. ಒಂಬತ್ತು ಒಂದುಗಳವರೆಗೆ ಈ ಸೊಗಸು ಉಳಿಯುತ್ತದೆ: 12345678987654321. ಹತ್ತು ಒಂದುಗಳ ವರ್ಗಕ್ಕೆ ಬಂದರೆ ದಶಕ ಉಕ್ಕಿ, 1234567900987654321 ಎಂದು ಹಾರ ನಡುವೆಯೇ ತುಂಡಾಗುತ್ತದೆ.

ಆಚಾರ್ಯರು ಕೊಟ್ಟ ಎರಡು ತುಂಡುಗಳನ್ನು ಈಗ ಮತ್ತೆ ನೋಡಿ. 441 ಎಂದರೆ 21ರ ವರ್ಗ, ಅಂದರೆ 3 ಮತ್ತು 7ರ ಜೋಡಿ. 27994681 ಎಂದರೆ 5291ರ ವರ್ಗ. 5291 ಎಂದರೆ 11, 13, 37ರ ಗುಣಲಬ್ಧ. ಐದು ಮಣಿಗಳಲ್ಲಿ ಎರಡನ್ನು ಒಂದು ಕೈಯಲ್ಲಿ, ಮೂರನ್ನು ಇನ್ನೊಂದು ಕೈಯಲ್ಲಿ ಇಟ್ಟುಕೊಟ್ಟಿದ್ದಾರೆ. ಅಡ್ಡಾದಿಡ್ಡಿಯಾಗಿ ಕಾಣುವ 27994681 ಯಾರ ಕೈಗೂ ಆಕಸ್ಮಿಕವಾಗಿ ಸಿಗುವ ಸಂಖ್ಯೆಯಲ್ಲ. ಉತ್ತರದಿಂದ ಹಿಂದಕ್ಕೆ ನಡೆದು, ಭಾಗಿಸಿ ಭಾಗಿಸಿ, ಎರಡು ತುಂಡೂ ವರ್ಗವಾಗಿಯೇ ಉಳಿಯುವಂತೆ ಆರಿಸಿದ ಕೈ ಅದು ಎಂದು ನನಗೆ ಖಾತ್ರಿಯಾಗಿ ಅನಿಸುತ್ತದೆ. ಭಿನ್ನರಾಶಿಗಳ ಛೇದಗಳನ್ನು ಸಮ ಮಾಡಲು ಲಘುತಮ ಸಾಮಾನ್ಯ ಅಪವರ್ತ್ಯವನ್ನು ‘ನಿರುದ್ಧ’ ಎಂಬ ಹೆಸರಿನಲ್ಲಿ ಬಳಸಿದವರೂ ಇವರೇ. ಸಂಖ್ಯೆಯನ್ನು ಅದರ ಭಾಜಕಗಳಾಗಿ ಕಾಣುವುದು ಅವರಿಗೆ ರೂಢಿಯಾಗಿತ್ತು.

ಅದೇ ಗ್ರಂಥದ ಮಿಶ್ರಗಣಿತದ ಅಧ್ಯಾಯದಲ್ಲಿ ಇನ್ನೊಂದು ಹಾರವಿದೆ, ಅದು ಅಂಕಿಯದಲ್ಲ, ನಿಜವಾದ ರತ್ನಗಳದು. ವಜ್ರ, ನೀಲ, ಪಚ್ಚೆ, ಹವಳ, ಮುತ್ತು ಈ ಐದರಲ್ಲಿ ಒಂದನ್ನೋ ಎರಡನ್ನೋ ಐದನ್ನೂ ಕೂಡಿಸಿಯೋ ಎಷ್ಟು ಬಗೆಯ ಹಾರ ಮಾಡಬಹುದು ಎಂಬ ಪ್ರಶ್ನೆ. ಒಂದೊಂದೇ ತೆಗೆದುಕೊಂಡರೆ 5, ಎರಡೆರಡು 10, ಮೂರುಮೂರು 10, ನಾಲ್ಕು ನಾಲ್ಕು 5, ಎಲ್ಲವೂ ಸೇರಿ 1; ಒಟ್ಟು 31. ಗುಂಪಿನಿಂದ ಇಷ್ಟನ್ನು ಆರಿಸಲು ಎಷ್ಟು ದಾರಿ ಎನ್ನುವುದಕ್ಕೆ ಸಾಮಾನ್ಯ ಸೂತ್ರವನ್ನೇ ಅವರು ಕೊಟ್ಟಿದ್ದಾರೆ. ಈ 31 ನಮ್ಮ ಸಂಖ್ಯೆಯಲ್ಲೂ ಅಡಗಿದೆ. 111111ಕ್ಕೆ ಐದು ಬೇರೆ ಬೇರೆ ಅವಿಭಾಜ್ಯಗಳು; ಅವುಗಳಿಂದ ಆರಿಸಿ ಗುಣಿಸಿದ ಪ್ರತಿ ಗುಂಪೂ ಒಂದು ಭಾಜಕ. ಹಾಗಾಗಿ 1 ಅನ್ನು ಬಿಟ್ಟರೆ ಅದರ ಭಾಜಕಗಳು ಸರಿಯಾಗಿ 31. ವರ್ಗಕ್ಕೆ ಬಂದಾಗ ಪ್ರತಿ ಮಣಿಯನ್ನು ಬಿಡಬಹುದು, ಒಮ್ಮೆ ಹಿಡಿಯಬಹುದು, ಎರಡು ಸಲ ಹಿಡಿಯಬಹುದು. 3ನ್ನು ಐದು ಸಲ ಗುಣಿಸಿದರೆ 243. 12345654321ಕ್ಕೆ 243 ಭಾಜಕಗಳಿವೆ.

ಉಳಿದ ಹಾರಗಳೂ ಹೀಗೆಯೇ ಬಿಚ್ಚಿಕೊಳ್ಳುತ್ತವೆ. 139 ಅನ್ನು 109ರಿಂದ ಗುಣಿಸಿದರೆ 15151. 152207 ಅನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. 12345679 ಅನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. 142857143 ಅನ್ನು 7ರಿಂದ ಗುಣಿಸಿದರೆ 1000000001. 333333666667 ಅನ್ನು 33ರಿಂದ ಗುಣಿಸಿದರೆ 11000011000011. ಒಂದಕ್ಕೊಂದು ಸಂಬಂಧವಿಲ್ಲದ ಚಮತ್ಕಾರಗಳಂತೆ ಕಾಣುವ ಇವುಗಳ ಒಳಗೆ ಇಳಿದರೆ ಬೇರೆಯೇ ಚಿತ್ರ. 12345679 ಎಂದರೆ 37 ಸಲ 333667. ಅದೇ 333667 ಅನ್ನು 999001ರಿಂದ ಗುಣಿಸಿದರೆ 333333666667. ಅದೇ 999001 ಅನ್ನು 143ರಿಂದ, ಅಂದರೆ 11 ಮತ್ತು 13ರ ಗುಣಲಬ್ಧದಿಂದ, ಗುಣಿಸಿದರೆ 142857143. ಒಂದು ಹಾರದ ಮಣಿ ಇನ್ನೊಂದರಲ್ಲಿ ಕಾಣಿಸಿಕೊಳ್ಳುತ್ತದೆ. ಕಾರಣ ಇಷ್ಟೇ: ಹತ್ತರ ಘಾತಗಳಿಗೆ ಒಂದನ್ನು ಕೂಡಿದಾಗ, ಒಂದನ್ನು ಕಳೆದಾಗ ಬರುವ ಸಂಖ್ಯೆಗಳೆಲ್ಲ ಒಂದೇ ಮನೆತನದವು. 10ರ 18ನೇ ಘಾತದಿಂದ 1 ಕಳೆದರೆ ಬರುವ ಹದಿನೆಂಟು ಒಂಬತ್ತುಗಳಲ್ಲಿ 7, 11, 13, 37, 333667 ಎಲ್ಲವೂ ಇವೆ. ಶಹಾಬಾದ್ ಕಲ್ಲು ತನ್ನ ಪದರಿನ ಗುಂಟ ತಾನೇ ಬಿಚ್ಚಿಕೊಳ್ಳುವ ಹಾಗೆ, ಇಂಥ ಸಂಖ್ಯೆಗಳಿಗೆ ಎಲ್ಲಿ ಒಡೆಯಬೇಕೆಂಬ ಗೆರೆ ಒಳಗೇ ಇರುತ್ತದೆ.

ಕೇವಲ ಒಂದುಗಳಿಂದಾದ ಸಂಖ್ಯೆಗಳು ಬಹುತೇಕ ಸಂಯುಕ್ತ ಸಂಖ್ಯೆಗಳೇ. ಒಂದುಗಳ ಎಣಿಕೆ ಸಂಯುಕ್ತವಾಗಿದ್ದರೆ ಸಂಖ್ಯೆಯೂ ಸಂಯುಕ್ತ. ಆರು ಒಂದುಗಳಲ್ಲಿ ಎರಡು ಒಂದುಗಳೂ ಮೂರು ಒಂದುಗಳೂ ಭಾಜಕವಾಗಿ ಕೂತಿರುತ್ತವೆ. ಎಣಿಕೆ ಅವಿಭಾಜ್ಯವಾದರೂ ಭರವಸೆಯಿಲ್ಲ. 11 ಅವಿಭಾಜ್ಯ, ಅದರ ನಂತರ ಹತ್ತೊಂಬತ್ತು ಒಂದುಗಳವರೆಗೆ ಇನ್ನೊಂದು ಸಿಗುವುದಿಲ್ಲ. ಆಮೇಲೆ 23 ಒಂದುಗಳು, ಆಮೇಲೆ 317, ಆಮೇಲೆ 1031. ಈ 1031 ಒಂದುಗಳ ಸಂಖ್ಯೆ ಅವಿಭಾಜ್ಯವೆಂದು ಸಾಧನೆಯಾದದ್ದು 1986ರಲ್ಲಿ.

ಅದೇ 1986ರಲ್ಲಿ ತೀರಿಕೊಂಡ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಅವರನ್ನು ಇಲ್ಲಿ ನೆನೆಯಲೇಬೇಕು. ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದು, ಸಂಬಳದ ಕೆಲಸದಾಚೆ ಜೀವನವನ್ನೆಲ್ಲ ಸಂಖ್ಯೆಗಳಿಗೆ ಕೊಟ್ಟವರು. 121, 12321, 12345654321 ಮೊದಲಾದವುಗಳಿಗೆ ಅವರು ‘ಡೆಮ್ಲೋ ಸಂಖ್ಯೆ’ ಎಂದು ಹೆಸರಿಟ್ಟರು. ಅವುಗಳ ವಿಚಾರ ಹೊಳೆದದ್ದು ಮುಂಬೈ ಸಮೀಪದ ಡೊಂಬಿವಲಿ ಸ್ಟೇಷನ್ನಿನಲ್ಲಿ. ಡೆಮ್ಲೋ ಎಂದರೆ ಅದೇ ಊರು. ಡೊಂಬಿವಲಿಯ ಆ ಹಳಿ ಕಲ್ಯಾಣ, ಪುಣೆ, ಸೊಲ್ಲಾಪುರ, ಕಲಬುರಗಿ ದಾಟಿ ಶಹಾಬಾದಿಗೆ, ವಾಡಿಗೆ ಬರುತ್ತದೆ. ವಾಡಿಯಲ್ಲಿ ಸಿಕಂದರಾಬಾದಿನ ದಾರಿ ಹಿಡಿದರೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ. ಹನ್ನೊಂದು ಶತಮಾನಗಳ ಅಂತರದಲ್ಲಿ ಒಂದೇ ಸಂಖ್ಯೆಗೆ ಮನಸೋತ ಇಬ್ಬರು ಒಂದೇ ಹಳಿಯ ಎರಡು ಕಡೆ ಇದ್ದಾರೆ ಎಂಬುದು ನನಗೆ ಬಹಳ ಸಂತೋಷ ಕೊಡುವ ಸಂಗತಿ.

ಇನ್ನೂ ದೂರದ ನಂಟು ಫ್ರಾನ್ಸಿನ ರೆನೆ ಡೆಕಾರ್ಟ್‌ನ ಜೊತೆಗಿನದು. ಒಂದು ಸಂಖ್ಯೆಯ ಭಾಜಕಗಳನ್ನು, ಅದನ್ನು ಬಿಟ್ಟು, ಕೂಡಿದಾಗ ಅದೇ ಸಂಖ್ಯೆ ಬಂದರೆ ಅದು ಪರಿಪೂರ್ಣ ಸಂಖ್ಯೆ. 1, 2, 3 ಕೂಡಿದರೆ 6. 1, 2, 4, 7, 14 ಕೂಡಿದರೆ 28. ಈವರೆಗೆ ಸಿಕ್ಕ ಪರಿಪೂರ್ಣ ಸಂಖ್ಯೆಗಳೆಲ್ಲ ಸಮ. ಬೆಸ ಪರಿಪೂರ್ಣ ಸಂಖ್ಯೆ ಇದೆಯೇ? 1638ರ ಪತ್ರವೊಂದರಲ್ಲಿ ಡೆಕಾರ್ಟ್ 198585576189 ಎಂಬ ಸಂಖ್ಯೆಯನ್ನು ಮುಂದಿಟ್ಟ. 3, 7, 11, 13 ಇವುಗಳ ವರ್ಗಗಳನ್ನು ಗುಣಿಸಿ, ಬಂದದ್ದನ್ನು 22021ರಿಂದ ಗುಣಿಸಿದರೆ ಸಿಗುವ ಸಂಖ್ಯೆ ಅದು. ಮೊದಲ ನಾಲ್ಕು ಮಣಿಗಳನ್ನು ಗಮನಿಸಿ. ಮಹಾವೀರಾಚಾರ್ಯರ ಹಾರದಿಂದ 37ರ ಜೋಡಿಯನ್ನು ತೆಗೆದರೆ ಉಳಿಯುವುದೂ ಇವೇ ನಾಲ್ಕು.

ಆ ನಾಲ್ಕು ವರ್ಗಗಳ ಗುಣಲಬ್ಧ 9018009, ಅಂದರೆ 3003ರ ವರ್ಗ. ಅದರ ಎಲ್ಲ ಭಾಜಕಗಳನ್ನೂ, ಅದನ್ನೂ ಸೇರಿಸಿ, ಕೂಡಿದರೆ 18035199. ಪರಿಪೂರ್ಣವಾಗಲು ಬೇಕಾದದ್ದು ಅದರ ಎರಡು ಪಟ್ಟು, 18036018. ಕೊರತೆ ಬರೀ 819, ಅಂದರೆ 22022ರಲ್ಲಿ ಸರಿಯಾಗಿ ಒಂದು ಪಾಲು. ಈ ಕೂದಲೆಳೆಯ ಕೊರತೆಯನ್ನು ತುಂಬಲು 22021 ಎಂಬ ಅವಿಭಾಜ್ಯವೊಂದು ಬಂದು ಕೂತರೆ ಸಾಕಾಗಿತ್ತು. 22021 ಅವಿಭಾಜ್ಯವೆಂದುಕೊಂಡರೆ ಲೆಕ್ಕ ಚಾಚೂ ತಪ್ಪದೆ ಕೂಡಿಬರುತ್ತದೆ. ಆದರೆ 22021 ಎಂದರೆ 19, 19, 61ರ ಗುಣಲಬ್ಧ. ಪರಿಪೂರ್ಣತೆ ಕೈಗೆ ಬಂದಂತಾಗಿ ಜಾರಿಹೋಯಿತು. ಆ ಜಾಗದಲ್ಲಿ 37ರ ವರ್ಗ ಕೂತಿರುವ ನಮ್ಮ ಹಾರದಲ್ಲಿ ಭಾಜಕಗಳ ಮೊತ್ತ 25375524993, ಬೇಕಾದ ಎರಡು ಪಟ್ಟಿಗಿಂತ ಹೆಚ್ಚು. ಇಂಥವಕ್ಕೆ ಸಮೃದ್ಧ ಸಂಖ್ಯೆ ಎನ್ನಬಹುದು. ಸಮ ಸಂಖ್ಯೆಗಳಲ್ಲಿ ಇವು 12ರಿಂದಲೇ ಸಿಗುತ್ತವೆ. ಬೆಸಗಳಲ್ಲಿ ವಿರಳ, ಮೊದಲನೆಯದೇ 945. ಬೆಸ ಪರಿಪೂರ್ಣ ಸಂಖ್ಯೆಯ ಹುಡುಕಾಟ ಇನ್ನೂ ನಡೆದಿದೆ. ಅಂಥದ್ದೊಂದು ಇದ್ದರೆ ಅದು 10ರ 1500ನೇ ಘಾತಕ್ಕಿಂತ ದೊಡ್ಡದಿರಲೇಬೇಕು ಎಂದು 2012ರಲ್ಲಿ ಸಾಧಿಸಲಾಯಿತು.

ಅಷ್ಟು ದೊಡ್ಡ ಸಂಖ್ಯೆಗಳು ರಾಷ್ಟ್ರಕೂಟರ ಕಾಲದ ಜೈನ ವಿದ್ವಾಂಸರನ್ನು ಬೆದರಿಸುತ್ತಿರಲಿಲ್ಲ. ಅಮೋಘವರ್ಷನ ಗುರು ಜಿನಸೇನರ ಗುರುಗಳು ವೀರಸೇನರು. 9ನೇ ಶತಮಾನದ ಆರಂಭದಲ್ಲಿ ಅವರು ಬರೆದ ‘ಧವಲಾ’ ಟೀಕೆಯ ತಾಳೆಗರಿಗಳು ಹಳಗನ್ನಡ ಲಿಪಿಯಲ್ಲಿ ಮೂಡುಬಿದಿರೆಯಲ್ಲಿ ಉಳಿದುಬಂದವು. ಅದರಲ್ಲಿ ‘ವರ್ಗಿತ ಸಂವರ್ಗಿತ’ ಎಂಬ ಕ್ರಿಯೆ ಇದೆ. ಒಂದು ಸಂಖ್ಯೆಯನ್ನು ಅದು ಎಷ್ಟಿದೆಯೋ ಅಷ್ಟು ಸಲ ಇಟ್ಟು ಗುಣಿಸಬೇಕು. ಬಂದದ್ದಕ್ಕೆ ಮತ್ತೆ ಹಾಗೆಯೇ ಮಾಡಬೇಕು. 2ರಿಂದ ಹೊರಟರೆ ಮೊದಲ ಸಲ 4, ಎರಡನೆಯ ಸಲ 256, ಮೂರನೆಯ ಸಲ 256ರ 256ನೇ ಘಾತ. ಮೂರೇ ಹೆಜ್ಜೆಗೆ 617 ಅಂಕಿಗಳು. ಅದು 2ರ 2048ನೇ ಘಾತ.

ಈ 2048 ಎಂಬ ಅಂಕಿ ಕಂಡರೆ ಕಂಪ್ಯೂಟರ್ ಭದ್ರತೆಯಲ್ಲಿ ಕೆಲಸ ಮಾಡುವವರು ತಲೆಯೆತ್ತಿ ನೋಡುತ್ತಾರೆ. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಕಟ್ಟಿದ ಆರ್‌ಎಸ್‌ಎ ಗೂಢಲಿಪಿಯ ಬಲವೆಲ್ಲ ಇರುವುದು ಒಂದು ದೊಡ್ಡ ಸಂಯುಕ್ತ ಸಂಖ್ಯೆಯಲ್ಲಿ: ಎರಡು ಬೃಹತ್ ಅವಿಭಾಜ್ಯಗಳನ್ನು ಗುಣಿಸುವುದು ಸುಲಭ, ಗುಣಲಬ್ಧದಿಂದ ಅವನ್ನು ಮತ್ತೆ ಬೇರೆ ಮಾಡುವುದು ಅತಿ ಕಷ್ಟ. ಸವಾಲಾಗಿ ಪ್ರಕಟಿಸಿದ ಆರ್‌ಎಸ್‌ಎ-2048 ಎಂಬ ಸಂಖ್ಯೆಗೂ 617 ಅಂಕಿಗಳೇ. ವೀರಸೇನರ ಮೂರನೆಯ ಹೆಜ್ಜೆಯಷ್ಟೇ ಉದ್ದ. ಆದರೆ ವೀರಸೇನರದ್ದನ್ನು ಮಗುವೂ ಒಡೆದೀತು, ಬರೀ ಎರಡುಗಳು. ಆರ್‌ಎಸ್‌ಎ-2048 ಅನ್ನು ಯಾರೂ ಒಡೆದಿಲ್ಲ. ಅದಕ್ಕಿಂತ ಎಷ್ಟೋ ಚಿಕ್ಕದಾದ, 250 ಅಂಕಿಗಳ ಆರ್‌ಎಸ್‌ಎ-250 ಅನ್ನು 2020ರ ಫೆಬ್ರವರಿಯಲ್ಲಿ ಒಡೆದಾಗ ಖರ್ಚಾದ ಗಣನೆ, ಒಂದೇ ಪ್ರೊಸೆಸರ್ ಕೋರ್ ಮಾಡುವುದಾದರೆ ಸುಮಾರು 2,700 ವರ್ಷದ ಕೆಲಸ. ಇಲ್ಲಿ ಪದರಿಲ್ಲ, ಆಕಾರದ ಸುಳಿವಿಲ್ಲ, 1001ರಂಥ ಕೀಲಿಯಿಲ್ಲ. ಮಹಾವೀರಾಚಾರ್ಯರು ಓದುಗನ ಕೈಗೆ ಎರಡು ತುಂಡು ಕೊಟ್ಟು ಕೂಡಿಸಿ ನೋಡು ಎಂದರು. ಗೂಢಲಿಪಿ ಹಾರವನ್ನು ಮಾತ್ರ ತೋರಿಸಿ ತುಂಡುಗಳನ್ನು ಬಚ್ಚಿಡುತ್ತದೆ.

ಗಣಿತಸಾರಸಂಗ್ರಹ 11ನೇ ಶತಮಾನದಲ್ಲೇ ಪಾವುಲೂರಿ ಮಲ್ಲನನಿಂದ ತೆಲುಗಿಗೆ ಹೋಯಿತು. ಆಧುನಿಕ ಓದುಗರಿಗೆ ಅದು ದಕ್ಕಿದ್ದು 1912ರಲ್ಲಿ, ಎಂ. ರಂಗಾಚಾರ್ಯರು ಹಸ್ತಪ್ರತಿಗಳನ್ನು ಹೋಲಿಸಿ, ಇಂಗ್ಲಿಷ್ ಅನುವಾದದೊಂದಿಗೆ ಮದರಾಸಿನಿಂದ ಪ್ರಕಟಿಸಿದಾಗ. ಮೂಡುಬಿದಿರೆಯ ಬಸದಿಯ ಪ್ರತಿಯೂ ಅವರ ನೆರವಿಗೆ ಬಂದಿತ್ತು. ಕನ್ನಡ ಅನುವಾದವನ್ನು ಪ್ರೊ. ಪದ್ಮಾವತಮ್ಮ ಮಾಡಿದ್ದಾರೆ, ಹೊಂಬುಜದ ಜೈನಮಠ 2000ದಲ್ಲಿ ಪ್ರಕಟಿಸಿತು. ಸೇಡಂ, ಚಿಂಚೋಳಿ, ಚಿತ್ತಾಪುರದ ಪ್ರತಿ ಹೈಸ್ಕೂಲಿನ ಕಪಾಟಿನಲ್ಲೂ ಆ ಪುಸ್ತಕ ಇರಬೇಕು. ಎರಡನೆಯ ಅಧ್ಯಾಯದ ಗುಣಾಕಾರದ ಲೆಕ್ಕಗಳನ್ನು ಎಂಟನೆಯ ತರಗತಿಯ ಮಕ್ಕಳು ಬಿಡಿಸಬಲ್ಲರು. ಮೊದಲ ದಿನಕ್ಕೆ 14287143 ಅನ್ನು 7ರಿಂದ ಗುಣಿಸಲು ಹೇಳಿದರೆ ಸಾಕು. ಉತ್ತರ 100010001. ಆಮೇಲೆ ಗುಂಪು ಮಾಡಿಸಬೇಕು: 001, 010, 100. ಒಂದರಿಂದ ಹತ್ತನ್ನು ಕಳೆದು ನೂರನ್ನು ಕೂಡಿದರೆ 91, ಅಂದರೆ 7 ಸಲ 13. ಹಾಗಾದರೆ ಈ ಹಾರದಲ್ಲಿ 7 ಇದೆ, 13 ಇದೆ, 11 ಇಲ್ಲ. 37 ಇದೆಯೇ ಎಂದು ಗುಂಪುಗಳನ್ನು ಕೂಡಿ ಅವರೇ ಕಂಡುಕೊಳ್ಳಲಿ.